ತಾಲೂಕು ಆಸ್ಪತ್ರೆಯ ಮಂಗಳವಾರವೋ, ಧಾರವಾಡದ ಬಸ್ಸೋ?

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ಬೇಕು. ಆದರೂ ಮನೆಯವರು ಮೊದಲು ಕೇಳುವುದು ‘ಡಾಕ್ಟರು ಎಷ್ಟು ದೊಡ್ಡವರು’ ಎಂದೇ. ಕೇಳಬೇಕಾದ್ದು ಬೇರೆ: ಆರನೇ ತಿಂಗಳ ಮಾತ್ರೆ ಎಲ್ಲಿ ಸಿಗುತ್ತದೆ, ಅದನ್ನು ತರಲು ಎಷ್ಟು ಜನರ ಎಷ್ಟು ದಿನದ ಕೂಲಿ ಹೋಗುತ್ತದೆ? ರೋಗಿಗಳ ಜೊತೆ ಓಡಾಡುವ ನಾವು ಸೇವೆಗಳನ್ನು ತೂಗಿ ನೋಡುವುದು ಹೀಗೆ.

ಈ ಲೆಕ್ಕದಲ್ಲಿ ತಾಲೂಕು ಆಸ್ಪತ್ರೆಯೇ ಮುಂದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ನಿಮ್ಮ ತಾಲೂಕಿಗೆ ತಿಂಗಳ ಯಾವ ಮಂಗಳವಾರ ಎಂಬುದನ್ನು ಹಿಂದಿನ ದಿನವೇ ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯಿಂದಲೋ ಖಚಿತಪಡಿಸಿಕೊಳ್ಳಿ. ಇದೇನೂ ಬಡವರಿಗೆಂದು ತೇಪೆ ಹಾಕಿದ ವ್ಯವಸ್ಥೆಯಲ್ಲ. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕೊರತೆ ಇರುವುದು ಸಮಯದಲ್ಲಿ. ಸಾಲು ಉದ್ದವಿದ್ದಾಗ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ನಿದ್ದೆ, ಊಟ, ತಪ್ಪಿದ ಮಾತ್ರೆ, ಹೊಸ ತೊಂದರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಆ ನಿಮಿಷಗಳು ಸಾಕಾಗುತ್ತವೆ.

ಇಲ್ಲಿ ಚಿಕಿತ್ಸೆ ಹಳಿ ತಪ್ಪುವುದು ಹೆಚ್ಚಾಗಿ ಔಷಧ ಕೊಡುವ ಕಿಟಕಿಯಲ್ಲಿ. ಖಾಸಗಿ ಕ್ಲಿನಿಕ್‌ನಲ್ಲಿ ರಿಸ್ಪೆರಿಡೋನ್ ಮತ್ತು ಟ್ರೈಹೆಕ್ಸಿಫೆನಿಡಿಲ್ ಸೇರಿದ ಒಂದೇ ಮಾತ್ರೆ ಬರೆದಿರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅವೇ ಎರಡು ಬೇರೆಬೇರೆಯಾಗಿ ಬರುತ್ತವೆ. ಬಣ್ಣ ಬದಲಾಯಿತೆಂದು ಟ್ರೈಹೆಕ್ಸಿಫೆನಿಡಿಲ್ ಬಿಟ್ಟರೆ ಕೈ ನಡುಗಬಹುದು, ಮೈ ಸೆಟೆಯಬಹುದು. ರಿಸ್ಪೆರಿಡೋನ್ ಬಿಟ್ಟರೆ ಕೆಲವು ವಾರಗಳಲ್ಲಿ ಕಾಯಿಲೆಯೇ ಮರುಕಳಿಸಬಹುದು. ಹಳೆಯ ಪಟ್ಟಿ ಒಯ್ದು ಹೆಸರು, ಮಿಲಿಗ್ರಾಂ ಎರಡನ್ನೂ ಹೊಂದಿಸಿ ನೋಡಿ. ಮಾತ್ರೆ ಉಗುಳುವವರಿಗೆ ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಫ್ಲುಫೆನಜಿನ್ ಡಿಪೋ ಇಂಜೆಕ್ಷನ್ ಇದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸಾಕು, ವೈದ್ಯರ ಚೀಟಿಯಿದ್ದರೆ ನರ್ಸ್ ಕೊಡಬಹುದು. ಮೊದಲ ದಿನಗಳಲ್ಲಿ ಕತ್ತು ತಿರುಚಿಕೊಂಡರೆ ಅದು ದೆವ್ವವೂ ಅಲ್ಲ, ತಪ್ಪು ಸೂಜಿಯೂ ಅಲ್ಲ. ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋದರೆ ಪ್ರೊಮೆಥಜಿನ್ ಇಂಜೆಕ್ಷನ್‌ನಿಂದ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮಾತ್ರೆ ‘ಸ್ಟಾಕ್ ಇಲ್ಲ’ ಎಂದರೆ ಸುಮ್ಮನೆ ಮರಳಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಕಲಂ ಪ್ರಕಾರ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಲಿಖಿತವಾಗಿ ಕೇಳಿ, ಅಷ್ಟರವರೆಗೆ ಜನೌಷಧಿ ಕೇಂದ್ರದಲ್ಲಿ ಕೊಳ್ಳಿ.

ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ದೊಡ್ಡ ಮಾನಸಿಕ ಆಸ್ಪತ್ರೆಗಳು ಬೇಕಾಗುವುದು ಯಾವಾಗ? ಕಾಯಿಲೆ ಇಂಥದ್ದೇ ಎಂದು ಗೊತ್ತಾಗದಾಗ, ಎರಡು ಔಷಧ ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಗುಣವಾಗದಾಗ, ದಾಖಲಾತಿ ಅನಿವಾರ್ಯವಾದಾಗ. ಮೊದಲ ಭೇಟಿಗೆ ಇಡೀ ದಿನ ಬೇಕೆಂದೇ ಲೆಕ್ಕ ಹಾಕಿ. ಚಿಕ್ಕಂದಿನಿಂದ ನೋಡಿ ಬಲ್ಲವರೊಬ್ಬರು ಜೊತೆಗಿರಲಿ. ಬೇರೆ ಔಷಧ ನಾಟದಾಗ ಕೊಡುವ ಕ್ಲೋಜಪಿನ್ ಶುರುವಾದರೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣಗಳ ಎಣಿಕೆ ಆಗಬೇಕು. ಅದಕ್ಕೆ ಪ್ರತಿ ವಾರ ಬಸ್ ಹತ್ತಬೇಕಿಲ್ಲ, ಊರಿನ ಲ್ಯಾಬ್ ವರದಿ ಸಾಕೇ ಎಂದು ಕೇಳಿ ಒಪ್ಪಿಸಿಕೊಳ್ಳಿ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ರಕ್ತದಲ್ಲಿ ಎಷ್ಟಿದೆ ಎಂಬ ಪರೀಕ್ಷೆ ಮಾತ್ರ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ತಿಂದು ಹೋದರೆ ಅಂಕಿ ಸುಳ್ಳೇ ಏರಿ, ಡೋಸ್ ಸುಮ್ಮನೆ ಇಳಿಯುತ್ತದೆ. ನಮ್ಮ ಮಟ್ಟಿಗೆ ಸರಿಯಾದ ದಾರಿ ಎಂದರೆ ದೊಡ್ಡ ಆಸ್ಪತ್ರೆಯಲ್ಲಿ ನಿರ್ಣಯ, ತಾಲೂಕಿನಲ್ಲಿ ಮುಂದುವರಿಕೆ. ಹೊರಡುವಾಗ ‘ತಾಲೂಕು ವೈದ್ಯರಿಗೆ ಪತ್ರ’ ಕೇಳಿ ಪಡೆಯಿರಿ. ಕೇಳದಿದ್ದರೆ ಕೊಡುವ ರೂಢಿ ಕಡಿಮೆ.

ಖಾಸಗಿ ಕ್ಲಿನಿಕ್‌ನಲ್ಲಿ ಸಮಯ, ಗುಟ್ಟು ಎರಡೂ ಸಿಗುತ್ತವೆ. ಅಲ್ಪಕಾಲದ ಖಿನ್ನತೆಗೆ, ಆತಂಕಕ್ಕೆ ಸರಿ. ಹತ್ತು ವರ್ಷದ ಕಾಯಿಲೆಗೆ ಕೈಯಲ್ಲಿ ಹಣ ಮುಗಿದ ತಿಂಗಳೇ ಚಿಕಿತ್ಸೆಯೂ ನಿಲ್ಲುತ್ತದೆ.

14416, ಅಂದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಫೋನ್ ಸಹಾಯವಾಣಿ, ಇವುಗಳ ಬದಲಿಯಲ್ಲ. ದಿನದ 24 ಗಂಟೆಯೂ ಉಚಿತ, ಕನ್ನಡ ಆಯ್ದುಕೊಳ್ಳಬಹುದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ರೋಗಿ ಮನೆಬಿಟ್ಟು ಬರಲು ಒಲ್ಲೆ ಎನ್ನುವಾಗ, ಮನೆಯವರೇ ಕಂಗೆಟ್ಟಾಗ ಇದು ನಿಜಕ್ಕೂ ಆಸರೆ. ಹೊಡೆದಾಟ, ವಿಷಸೇವನೆಯಂಥ ತುರ್ತಿಗೆ 112 ಅಥವಾ 108.

ಇನ್ನು ಅಂಗವಿಕಲ ಪ್ರಮಾಣಪತ್ರ. ಮಾನಸಿಕ ಕಾಯಿಲೆಗೆ ಇದನ್ನು ಐಡಿಯಾಸ್ ಮಾಪನದಲ್ಲಿ ಅಳೆಯುತ್ತಾರೆ: ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ. ಒಂದೊಂದಕ್ಕೂ 0ಯಿಂದ 4 ಅಂಕ (ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು), ಅದಕ್ಕೆ ಕಾಯಿಲೆಯ ಅವಧಿಯ ಅಂಕ ಕೂಡುತ್ತದೆ. ಒಟ್ಟು 20ರಲ್ಲಿ 7 ಬಂದರೆ ಶೇ 40, ಸೌಲಭ್ಯಗಳಿಗೆ ಬೇಕಾದ ಗೆರೆ. ಹಳೆಯ ಚೀಟಿಗಳಿಲ್ಲದಿದ್ದರೆ ಅವಧಿ ಸಾಬೀತಾಗದು. ‘ಸ್ನಾನ ಮಾಡ್ತಾನೆ ಸರ್’ ಎಂದು ಮಾನ ಉಳಿಸಲು ಹೇಳುವವರಿಗೂ ಅಂಕ ಇಳಿಯುತ್ತದೆ. ನಾಲ್ಕು ಸಲ ಒತ್ತಾಯಿಸಿದ ಮೇಲೆ ಮಾಡುತ್ತಾನಾದರೆ ಹಾಗೆಂದೇ ಹೇಳಿ. ಮಂಗಳವಾರದ ಒಂದೇ ಕಡತ ತಪ್ಪದೆ ಬೆಳೆದಿದ್ದರೆ ಇಲ್ಲಿ ಅರ್ಧ ಕೆಲಸ ಮುಗಿದಂತೆ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಅರ್ಜಿ ತುಂಬಲು ಸೈಬರ್ ಸೆಂಟರ್‌ಗಿಂತ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೇ ವಾಸಿ. ಅಂಗವೈಕಲ್ಯದ ವಿಧದ ಮುಂದೆ ತಪ್ಪು ಗುರುತು ಬಿದ್ದರೆ ಅರ್ಜಿ ಬೇರೆ ವಿಭಾಗದ ವೈದ್ಯರಿಗೆ ಹೋಗಿ ಕೂರುತ್ತದೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯದವರಿಗೆ ಮಾತ್ರ. ಸ್ಕಿಜೋಫ್ರೇನಿಯಾ ಒಂದೇ ಇರುವವರ ಹೆಸರಿನಲ್ಲಿ ಅರ್ಜಿ ಹಾಕಿಸಲು ಯಾರಾದರೂ ಹಣ ಕೇಳಿದರೆ ಕೊಡಬೇಡಿ.