ಪಯೋನೀರ್ ಜಿಎಂ-ಡಿ8601: 12 ಇಂಚಿನ ಡಿ4 ಸಬ್‌ವೂಫರ್‌ಗೆ ಸರಿಹೊಂದುತ್ತಾ?

ಜಿಎಂ-ಡಿ8601 ಕಾರಿನ ಸಬ್‌ವೂಫರ್‌ಗೆ (ಬೇಸ್ ಸ್ಪೀಕರ್) ಪವರ್ ಕೊಡುವ ಆಂಪ್ಲಿಫೈಯರ್, ಅಂದರೆ ಆಂಪ್. ಡಬ್ಬದ ಮೇಲಿನ 1,600 ವ್ಯಾಟ್ ನೋಡಿ ಮರುಳಾಗಬೇಡಿ. ಲೆಕ್ಕಕ್ಕೆ ಬರುವುದು ಆರ್‌ಎಂಎಸ್, ಅಂದರೆ ಎಡೆಬಿಡದೆ ಸಿಗುವ ಪವರ್. ಸಬ್‌ನ ಓಮ್ (ವಿದ್ಯುತ್ ತಡೆ) ಎಷ್ಟೋ ಅದರಂತೆ ಅದು ಬದಲಾಗುತ್ತದೆ: 4 ಓಮ್‌ಗೆ 300, 2 ಓಮ್‌ಗೆ 500, 1 ಓಮ್‌ಗೆ 800 ವ್ಯಾಟ್.

ಇದಕ್ಕೆ ಹೇಳಿ ಮಾಡಿಸಿದ ಜೋಡಿ ಅದೇ ಕಂಪನಿಯ ಟಿಎಸ್-ಎ300ಡಿ4 ಸಬ್. ಅದರ ಆರ್‌ಎಂಎಸ್ 500 ವ್ಯಾಟ್, 4 ಓಮ್‌ನ ಎರಡು ಕಾಯಿಲ್ (ಡಿ4 ಎಂದರೆ ಇದೇ). ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ (ಪ್ಯಾರಲಲ್) 2 ಓಮ್ ಆಗಿ ಪೂರ್ತಿ 500 ವ್ಯಾಟ್ ಸಿಗುತ್ತದೆ. ಅವನ್ನೇ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಕಟ್ಟಿದರೆ 8 ಓಮ್; ಬೇಸ್ ಸಪ್ಪೆ. ಅಂಥ ಎರಡು ಸಬ್ ಹಾಕಿ ಎಲ್ಲವನ್ನೂ ಪ್ಯಾರಲಲ್ ಮಾಡಿದರೆ 1 ಓಮ್, ತಲಾ 400 ವ್ಯಾಟ್. ಧಾರಾಳ ಸಾಕು, ಆದರೆ ಆಂಪ್ ಬಿಸಿಯಾಗುತ್ತದೆ. ಸೀಟಿನಡಿ ಕಾರ್ಪೆಟ್ಟಿನಲ್ಲಿ ಹುದುಗಿಸಬೇಡಿ.

ಕಾಯಿಲ್ ಸುಡುವುದು ಹೆಚ್ಚಾಗಿ ಗೇನ್ ತಪ್ಪಿನಿಂದ. ಗೇನ್ ವಾಲ್ಯೂಮ್ ನಾಬ್ ಅಲ್ಲ ಸ್ವಾಮಿ, ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು! ಸಬ್ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆಗೆ ತಂದು, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಸ್ ಟೋನ್ ಹಾಕಿ. ಒಂದೇ ಸಬ್ (2 ಓಮ್) ಇದ್ದರೆ, ಗೇನ್ ಮೆಲ್ಲಗೆ ಏರಿಸುತ್ತಾ ಆಂಪ್ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಸುಮಾರು 31 ವೋಲ್ಟ್ ಎಸಿ ತೋರಿಸಿದಲ್ಲಿಗೆ ನಿಲ್ಲಿಸಿ. ಲೋ ಪಾಸ್ (ಅದಕ್ಕಿಂತ ಮೇಲಿನ ಸ್ವರ ಸಬ್‌ಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್ ಸಾಕು.

ವೈರ್ 4 ಗೇಜ್, ಅಪ್ಪಟ ತಾಮ್ರದ್ದೇ ಆಗಲಿ. ಅಗ್ಗದ ಕಿಟ್‌ಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದರಲ್ಲಿ ವೋಲ್ಟೇಜ್ ಕುಸಿದು ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಬೇಕೇ ಬೇಕು. ಗ್ರೌಂಡ್ ವೈರನ್ನು ಪೇಂಟ್ ಕೆರೆದ ಲೋಹಕ್ಕೇ ಬಿಗಿಯಿರಿ.

ಒಂಟಿ 4 ಓಮ್ ಕಾಯಿಲಿನ ಸಬ್ ಇರುವವರಿಗೆ ಇದರಿಂದ ಸಿಗುವುದು 300 ವ್ಯಾಟ್ ಮಾತ್ರ. ಅವರು ಬೇರೆ ಆಂಪ್ ನೋಡುವುದೇ ಲೇಸು.