ಗಾಜಿನ ಕ್ಯಾಬಿನೆಟ್, ಬಣ್ಣದ ಫ್ಯಾನು: ಹಣ ಕೊಡುವ ಮುನ್ನ ಗಾಳಿ ಯಾವ ಕಡೆ ಹೋಗುತ್ತದೆ ನೋಡಿ

ಮುಂದೆ ಗಾಜು, ಪಕ್ಕದಲ್ಲಿ ಗಾಜು, ಒಳಗೆ ಬಣ್ಣ ಬದಲಿಸುವ ಫ್ಯಾನುಗಳು. ಇಂಥ ಡೆಸ್ಕ್‌ಟಾಪ್ ಕಂಪ್ಯೂಟರುಗಳೇ ಈಗ ಅಂಗಡಿಗಳಲ್ಲಿ ಗಿರಾಕಿಯ ಕಣ್ಣಿಗೆ ಮೊದಲು ಬೀಳುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯವರು ಜೋಡಿಸಿಕೊಟ್ಟ ಅಂಥದೇ ಒಂದು ಯಂತ್ರವನ್ನು ಬಳ್ಳಾರಿಯ ನಮ್ಮ ಫೋಟೋ ಸ್ಟುಡಿಯೋಗೆ ತಂದು, ಬೇಸಿಗೆಯ ಮದುವೆ ಸೀಸನ್ ಪೂರ್ತಿ ಅನುಭವಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಬೇಡ. ಇದೇ ರೀತಿಯ ಜೋಡಣೆಯನ್ನು ಆಮೇಲೆ ಬೇರೆ ಕಡೆಯಿಂದ ಕೊಂಡ ಗೆಳೆಯರ ಯಂತ್ರಗಳಲ್ಲೂ ಕಂಡಿದ್ದೇನೆ.

ಚಳಿಗಾಲ ಮುಗಿಯುವವರೆಗೆ ಯಾವ ತೊಂದರೆಯೂ ಕಾಣಿಸಲಿಲ್ಲ. ಏಪ್ರಿಲ್ ಬಂದು ಹೊರಗಿನ ಬಿಸಿಲು 40 ಡಿಗ್ರಿ ದಾಟಿದಾಗ, ಮದುವೆಯ ವಿಡಿಯೋ ರೆಂಡರ್ ಮಾಡಲು (ಎಡಿಟ್ ಮಾಡಿದ್ದನ್ನು ಒಂದೇ ಫೈಲಾಗಿ ಹೊರತೆಗೆಯಲು) ಇಟ್ಟರೆ ಮೊದಲರ್ಧ ಬೇಗ ಮುಗಿದು ಉಳಿದರ್ಧ ತೆವಳತೊಡಗಿತು. ಕೆಲವೊಮ್ಮೆ ನಡುವಿನಲ್ಲೇ ಪರದೆ ಕಪ್ಪಾಗಿ ಯಂತ್ರ ತಾನಾಗಿಯೇ ಆರಿಹೋಗುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ ಮೊದಲು ವಿಂಡೋಸ್ ಹೊಸದಾಗಿ ಹಾಕಿಸಿ ಎಂದರು. ಅದಾದ ಮೇಲೆ ಯುಪಿಎಸ್ ಸರಿಯಿಲ್ಲ ಎಂದರು, ಅದನ್ನೂ ಬದಲಿಸಿದ್ದಾಯಿತು. ಕೊನೆಗೆ, ನಿಮ್ಮೂರಿನ ಸೆಕೆಗೆ, ದ್ರವ ಹರಿಸಿ ಯಂತ್ರವನ್ನು ತಣಿಸುವ ಲಿಕ್ವಿಡ್ ಕೂಲರ್ ಇಲ್ಲದೆ ನಡೆಯುವುದಿಲ್ಲ ಎಂದು ಹೇಳಿ, ಅದರ ಬೆಲೆಯನ್ನೂ ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಕ್ಯಾಬಿನೆಟ್ಟಿನ ಒಳಗೆ ಗಾಳಿ ಹೋಗುತ್ತಿದೆಯೇ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ನಮ್ಮದರಲ್ಲಿರುವುದು ಇಂಟೆಲ್‌ನ ಐ5-12400 ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್. ಇದರ ಮೂಲ ವೇಗ 2.5 ಗಿಗಾಹರ್ಟ್ಸ್, ಗರಿಷ್ಠ ವೇಗ 4.4 ಗಿಗಾಹರ್ಟ್ಸ್, ತಾಳಿಕೊಳ್ಳುವ ಶಾಖದ ಮಿತಿ 100 ಡಿಗ್ರಿ. ಆ ಮಿತಿ ಮುಟ್ಟುತ್ತಲೇ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ; ಅಷ್ಟಾದರೂ ಶಾಖ ಏರುತ್ತಲೇ ಹೋದರೆ ಇಡೀ ಯಂತ್ರವೇ ಆರಿಹೋಗುತ್ತದೆ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದಾಗ ರೆಂಡರ್ ಶುರುವಾದ ಕೆಲವೇ ನಿಮಿಷಗಳಲ್ಲಿ ಶಾಖ 100ಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ತೆವಳುವುದಕ್ಕೂ ಆರಿಹೋಗುವುದಕ್ಕೂ ವಿಂಡೋಸಾಗಲಿ ಯುಪಿಎಸ್ಸಾಗಲಿ ಕಾರಣವೇ ಆಗಿರಲಿಲ್ಲ.

ನಿಜವಾದ ದೋಷ ಹಿಡಿದವನು ನಮ್ಮೂರಿನಲ್ಲೇ ಪ್ರಿಂಟರ್ ರಿಪೇರಿ ಮಾಡುವ ಒಬ್ಬ ಹುಡುಗ. ಅವನು ದೇವರ ಪಟದ ಮುಂದಿದ್ದ ಊದಿನಕಡ್ಡಿಯನ್ನು ತೆಗೆದುಕೊಂಡು, ಓಡುತ್ತಿದ್ದ ಯಂತ್ರದ ಸುತ್ತ ಪ್ರತಿಯೊಂದು ಫ್ಯಾನಿನ ಬಳಿಯೂ ಹಿಡಿಯುತ್ತಾ ಹೋದ. ಹಿಂದಿನ ಫ್ಯಾನು ಹೊಗೆಯನ್ನು ಹೊರಗೆ ದೂಡಿತು, ಮೇಲಿನ ಎರಡೂ ದೂಡಿದವು, ಅವು ದೂಡಲೇಬೇಕು. ಆದರೆ ಒಳಗೆ ಗಾಳಿ ತರಬೇಕಾದ ಪಕ್ಕದ ಮೂರು ಫ್ಯಾನುಗಳೂ ಹೊಗೆಯನ್ನು ಹೊರಗೇ ದೂಡಿದವು. "ಅಣ್ಣ, ಎಲ್ಲಾ ಹೊರಗೆ ಹಾಕೋವೇ ಅದಾವು, ಒಳಗೆ ತರೋದು ಒಂದೂ ಇಲ್ಲ" ಎಂದ.

ಹೀಗೇಕೆ ಜೋಡಿಸುತ್ತಾರೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರ್ ಫ್ಯಾನಿಗೆ ಎರಡು ಮುಖಗಳಿರುತ್ತವೆ. ರೆಕ್ಕೆಗಳು ಪೂರ್ತಿಯಾಗಿ ಕಾಣುವ, ಅಡ್ಡಪಟ್ಟಿಗಳಿಲ್ಲದ ಚಂದದ ಮುಖದಿಂದ ಗಾಳಿ ಒಳಗೆ ಹೋಗುತ್ತದೆ. ಮೋಟಾರನ್ನು ಹಿಡಿದಿಟ್ಟುಕೊಂಡ ಅಡ್ಡಪಟ್ಟಿಗಳಿರುವ ಮುಖದಿಂದ ಹೊರಬರುತ್ತದೆ. ಗಾಜಿನ ಕ್ಯಾಬಿನೆಟ್ಟಿನಲ್ಲಿ ಪಕ್ಕದ ಫ್ಯಾನುಗಳನ್ನು ಗಾಳಿ ಒಳಗೆ ಬರುವಂತೆ ಸರಿಯಾಗಿ ಕೂರಿಸಿದರೆ, ಗಾಜಿನ ಈಚೆ ನಿಂತವರಿಗೆ ಅಡ್ಡಪಟ್ಟಿಯೂ ವೈರೂ ಕಾಣುತ್ತವೆ. ಅದು ಕಾಣಬಾರದೆಂದು ಫ್ಯಾನನ್ನೇ ತಿರುಗಿಸಿ ಹಾಕುತ್ತಾರೆ. ಚಂದದ ಮುಖ ಒಳಗಿದ್ದೂ ಗಾಳಿ ಒಳಗೇ ಬರಲೆಂದು ರೆಕ್ಕೆಯನ್ನು ಉಲ್ಟಾ ತಿರುವಿದ ಫ್ಯಾನುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಆದರೆ ಅವುಗಳನ್ನು ಬೇರೆಯಾಗಿ ತರಿಸಬೇಕು. ನಮಗೆ ಹಾಕಿಕೊಟ್ಟಿದ್ದು ಮಾಮೂಲಿ ಫ್ಯಾನುಗಳು.

ಎಲ್ಲ ಫ್ಯಾನುಗಳೂ ಹೊರಗೆ ದೂಡುತ್ತಿದ್ದರೆ ಸಂದುಗೊಂದುಗಳಿಂದ, ಯುಎಸ್‌ಬಿ ತೂತುಗಳಿಂದ, ಹಿಂದಿನ ತಗಡಿನ ಸೀಳುಗಳಿಂದ ಗಾಳಿ ನುಸುಳುತ್ತದೆ. ಅಲ್ಲೆಲ್ಲೂ ಧೂಳು ತಡೆಯುವ ಜಾಲರಿ ಇರುವುದಿಲ್ಲ. ಅದಿರಿನ ಲಾರಿಗಳು ಓಡಾಡುವ ನಮ್ಮ ಕಡೆಯ ಧೂಳು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿನ ಪದರಗಳ ನಡುವೆ ಕೆಂಪಗಿನ ಮೆತ್ತನೆಯ ಪದರವೊಂದು ಕೂತು, ಬರುವ ಅಷ್ಟಿಷ್ಟು ಗಾಳಿಗೂ ಅಡ್ಡವಾಗಿತ್ತು. ಅದನ್ನು ಬ್ಲೋವರ್‌ನಿಂದ ತೆಗೆಯುವಾಗ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಫ್ಯಾನು ಅತಿವೇಗದಲ್ಲಿ ತಿರುಗಿದರೆ ಕೆಡುತ್ತದೆ.

ಇನ್ನೊಂದು ವಂಚನೆ ವೈರಿನಲ್ಲಿತ್ತು. ಆರೂ ಫ್ಯಾನುಗಳನ್ನು ಒಂದು ಅಗ್ಗದ ಹಬ್‌ಗೆ ಸಿಕ್ಕಿಸಿ, ಅದನ್ನು ನೇರವಾಗಿ ವಿದ್ಯುತ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ಗೆ ಜೋಡಿಸಿದ್ದರು. ಶಾಖ ನೋಡಿ ಫ್ಯಾನಿನ ವೇಗ ಹೊಂದಿಸಬೇಕಾದ ಮದರ್‌ಬೋರ್ಡಿಗೆ (ಮುಖ್ಯ ಬೋರ್ಡಿಗೆ) ಆ ಫ್ಯಾನುಗಳು ಇರುವುದೇ ಗೊತ್ತಿಲ್ಲದ ಕಾರಣ ಶಾಖ 50 ಇದ್ದರೂ 100 ಇದ್ದರೂ ಅವು ಒಂದೇ ವೇಗದಲ್ಲಿ ತಿರುಗುತ್ತಿದ್ದವು. ಜೊತೆಗೆ ಕೊಟ್ಟ ರಿಮೋಟಿನಿಂದ ಬಣ್ಣ ಬದಲಿಸಬಹುದಿತ್ತು, ವೇಗವನ್ನಲ್ಲ.

ಲಿಕ್ವಿಡ್ ಕೂಲರ್ ಕೊಳ್ಳಲಿಲ್ಲ. ಮುಂಭಾಗಕ್ಕೆ ಗಾಜಿನ ಬದಲು ಜಾಲರಿ ಇರುವ ಸಾದಾ ಕ್ಯಾಬಿನೆಟ್ ತಂದು, ಮುಂದೆ 120 ಮಿಲಿಮೀಟರಿನ ಮೂರು ಫ್ಯಾನು ಒಳಮುಖವಾಗಿ, ಹಿಂದೆ ಒಂದು ಹೊರಮುಖವಾಗಿ ಹಾಕಿ, ಮದರ್‌ಬೋರ್ಡಿನ ನಾಲ್ಕು ಪಿನ್ನಿನ ಕನೆಕ್ಟರುಗಳಿಗೆ ಜೋಡಿಸಿದೆವು. ಪ್ರೊಸೆಸರ್ ಅದೇ, ಅದರ ಜೊತೆ ಬಂದ ಕೂಲರ್ ಅದೇ. ಅದೇ ಬೇಸಿಗೆಯಲ್ಲಿ ಶಾಖ 80ರ ಆಸುಪಾಸಿಗೆ ಇಳಿಯಿತು.

ನಿಮ್ಮ ಯಂತ್ರದ ಬಗ್ಗೆ ಅನುಮಾನವಿದ್ದರೆ, ಕೆಲಸ ನಡೆಯುತ್ತಿರುವಾಗ ಪಕ್ಕದ ಬಾಗಿಲನ್ನು ತೆಗೆದಿಟ್ಟು ಶಾಖ ಗಮನಿಸಿ. ಹತ್ತು ಡಿಗ್ರಿಯಷ್ಟು ಇಳಿದರೆ ದೋಷ ಗಾಳಿಯ ದಾರಿಯದು. ಏನೂ ಇಳಿಯದಿದ್ದರೆ ಪ್ರೊಸೆಸರಿನ ಮೇಲಿನ ಕೂಲರ್ ನೋಡಿಸಬೇಕು: ನಾಲ್ಕು ಮೂಲೆಯ ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂರದೆ ಇರಬಹುದು, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಾಗೆಂದು ಬಾಗಿಲು ತೆಗೆದು ಎದುರಿಗೆ ನೀರಿನ ಏರ್ ಕೂಲರ್ ಇಡುವ ನಮ್ಮೂರಿನ ಪದ್ಧತಿ ಬೇಡ, ತೇವದ ಗಾಳಿ ಧೂಳನ್ನು ಬೋರ್ಡಿಗೆ ಅಂಟಿಸಿಬಿಡುತ್ತದೆ. ಬಡಗಿ ಮಾಡಿಕೊಟ್ಟ ಪ್ಲೈವುಡ್ ಗೂಡಿನೊಳಗೆ ಕಂಪ್ಯೂಟರ್ ಇಟ್ಟಿದ್ದರೆ ಮೊದಲು ಹೊರಗೆ ತೆಗೆಯಿರಿ.

ಹೊಸದು ಕೊಳ್ಳುವವರು ಅಂಗಡಿಯಲ್ಲೇ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಶಾಖ ತೋರಿಸುವಂತೆ ಕೇಳಬೇಕು. ಸಮಯವಿಲ್ಲ ಎಂದರೆ ಎಸ್.ಪಿ. ರಸ್ತೆಯಲ್ಲಿ ಅಂಗಡಿಗಳಿಗೇನೂ ಬರವಿಲ್ಲ. ತೋರಿಸಿದ ಅಂಕಿಗೆ ನಿಮ್ಮೂರಿನ ಸೆಕೆಯನ್ನೂ ಸೇರಿಸಿ ಲೆಕ್ಕ ಹಾಕಿ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಣ್ಣಗಿನ ಗಾಳಿಯನ್ನು ತರಲಾರದು, ಆದ್ದರಿಂದ ಬೆಂಗಳೂರಿನ ಡಿಸೆಂಬರಿನಲ್ಲಿ 25 ಡಿಗ್ರಿಯ ಅಂಗಡಿಯೊಳಗೆ 80 ತೋರಿಸಿದ ಯಂತ್ರ ಬಳ್ಳಾರಿ, ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ 95ರ ಹತ್ತಿರ ಹೋಗುತ್ತದೆ.