ಒಂದೇ ಪ್ರೋಗ್ರಾಂ, ಎರಡು ಭಾಷೆ: ಜಾವಾದಿಂದ ಹೊರಟು ಗೋ, ರಸ್ಟ್ ನೋಡಿ ಬಂದದ್ದು

ಹನ್ನೆರಡು ವರ್ಷ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ದುಡಿದಿದ್ದೇನೆ. ದಾವಣಗೆರೆಯ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿಗೆ ಬರೆದುಕೊಟ್ಟ ಪ್ರೋಗ್ರಾಂ ಕೂಡ ಜಾವಾದ್ದೇ. ಎರಡು ಎಲೆಕ್ಟ್ರಾನಿಕ್ ಕಾಟಾಗಳಿಂದ ತೂಕ ಓದಬೇಕು, ಬರೆದಿಡಬೇಕು, ಚೀಟಿ ಮುದ್ರಿಸಬೇಕು. ಅಂಗಡಿಯ ಕಂಪ್ಯೂಟರ್‌ನಲ್ಲಿ ಇರೋದು 2 ಜಿಬಿ ರ‍್ಯಾಮ್. ಜಾವಾ ಅದಕ್ಕೆ ಭಾರವಾಯಿತು.

ಬೇರೆ ಭಾಷೆ ಹುಡುಕಿದೆ, ಮೊದಲು ಹಿಡಿದದ್ದು ಗೋ. ನಾಲ್ಕೇ ದಿನದಲ್ಲಿ ಕೈಗೆ ಹತ್ತಿತು. ಕೀವರ್ಡ್‌ಗಳು (ಭಾಷೆ ತನಗೇ ಮೀಸಲಿಟ್ಟ ಪದಗಳು) ಬರೀ 25. ತಪ್ಪಾದಾಗ ಜಾವಾದಂತೆ ಎಕ್ಸೆಪ್ಶನ್ ಎಸೆದು ಕೆಲಸವನ್ನು ಅಲ್ಲೇ ಮುರಿಯುವ ರೂಢಿ ಇಲ್ಲಿಲ್ಲ, ಪ್ರತಿ ಸಲವೂ ಎರರ್ ಬಂತಾ ಅಂತ ನಾವೇ ನೋಡಬೇಕು. ಮೊದಮೊದಲು ಕಿರಿಕಿರಿ ಆಯಿತು. ಕಾಟಾದ ಕೇಬಲ್ ಸಡಿಲವಾದ ದಿನ ಮಾತ್ರ ಅದರ ಬೆಲೆ ತಿಳಿಯಿತು. ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ವಿಂಡೋಸ್ ಫೈಲ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದೆ. ಬೇರೇನೂ ಇನ್‌ಸ್ಟಾಲ್ ಮಾಡಲಿಲ್ಲ. ತೂಕ ಬರೆದಿಡುವ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಪೂರ್ತಿ ಗೋದಲ್ಲೇ ಬರೆದ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡುವ ಕೋಡ್) ಹಾಕಿಕೊಳ್ಳಿ. ಸಿ ಭಾಷೆಯ ಕೋಡ್ ಬೇಡುವ ಡ್ರೈವರ್ ಆದರೆ ಇಷ್ಟು ಸುಲಭ ಇಲ್ಲ.

ಸುಗ್ಗಿಯಲ್ಲಿ ಎರಡೂ ಕಾಟಾ ಒಟ್ಟಿಗೆ ಓಡಿದವು. ಎರಡು ಗೋರೂಟೀನ್‌ಗಳು (ಗೋದಲ್ಲಿ ಏಕಕಾಲಕ್ಕೆ ಓಡುವ ಕೆಲಸಗಳು) ಒಂದೇ ಮ್ಯಾಪ್‌ಗೆ, ಅಂದರೆ ಮೆಮೊರಿಯಲ್ಲಿರುವ ಒಂದೇ ಪಟ್ಟಿಗೆ, ಒಟ್ಟಿಗೆ ಬರೆದವು. ಪ್ರೋಗ್ರಾಂ ನಿಂತೇಬಿಟ್ಟಿತು. ಚೀಲ ಹೊತ್ತ ಹಮಾಲರೂ ನಿಂತರು. ತಪ್ಪು ನನ್ನದೇ, ಒಂದು ಸಲಕ್ಕೆ ಒಬ್ಬರೇ ಬರೆಯುವಂತೆ ಲಾಕ್ ಹಾಕೋದು ಮರೆತಿದ್ದೆ. ಹಳೆಯ ಜಾವಾ ಕೋಡ್ ತೆಗೆದು ನೋಡಿದರೆ ಅಲ್ಲೂ ಅದೇ ತಪ್ಪು! ಜಾವಾದ ಇಂಥದ್ದೇ ಪಟ್ಟಿಯಾದ ಸಾದಾ ಹ್ಯಾಶ್‌ಮ್ಯಾಪ್ ಹೀಗಾದಾಗ ಸದ್ದಿಲ್ಲದೆ ಒಂದು ತೂಕ ನುಂಗಿಬಿಡಬಹುದು. ಅದು ಒಬ್ಬ ರೈತನ ಇಡೀ ಬೆಳೆಯ ದುಡಿಮೆ ಅಲ್ವಾ? ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ರಸ್ಟ್ ಹಿಡಿದೆ. ಮೂರು ವಾರ ಬೇಕಾಯಿತು. ಜಾವಾದಲ್ಲಿ ಒಂದು ಆಬ್ಜೆಕ್ಟನ್ನು (ಡೇಟಾದ ಒಂದು ತುಣುಕನ್ನು) ಹತ್ತು ಕಡೆ ಹಂಚಿ ನನಗೆ ಅಭ್ಯಾಸ. ರಸ್ಟ್‌ನಲ್ಲಿ ಪ್ರತಿಯೊಂದಕ್ಕೂ ಒಬ್ಬನೇ ಒಡೆಯ. ಹೊಸಬರಿಗಿಂತ ನಮ್ಮಂಥ ಹಳಬರಿಗೇ ಇದು ಜಾಸ್ತಿ ಕಷ್ಟ ಅನ್ನಿಸುತ್ತದೆ. ಆದರೆ ಅದೇ ತಪ್ಪನ್ನು ಬೇಕಂತಲೇ ಬರೆದೆ, ಕಂಪೈಲೇ ಆಗಲಿಲ್ಲ, ಅಂದರೆ ಓಡುವ ಫೈಲೇ ತಯಾರಾಗಲಿಲ್ಲ. ಗೋದಲ್ಲಿ ಮ್ಯೂಟೆಕ್ಸ್ (ಆ ಲಾಕ್‌ನ ಹೆಸರು) ಬೇರೆ, ಡೇಟಾ ಬೇರೆ. ಹಾಗಾಗಿ ಲಾಕ್ ಮರೆತರೂ ಡೇಟಾ ಕೈಗೆ ಸಿಗುತ್ತದೆ. ರಸ್ಟ್‌ನಲ್ಲಿ ಡೇಟಾ ಮ್ಯೂಟೆಕ್ಸ್‌ನ ಒಳಗೇ ಇರುತ್ತದೆ, ಲಾಕ್ ತೆಗೆದುಕೊಳ್ಳದೆ ಮುಟ್ಟೋಕೆ ಆಗಲ್ಲ. ಗೋದಲ್ಲೂ ಇಂಥ ಡಿಕ್ಕಿಗಳನ್ನು ಹುಡುಕುವ ರೇಸ್ ಡಿಟೆಕ್ಟರ್ ಇದೆ, ಖಂಡಿತ ಬಳಸಿ. ಆದರೆ ಪ್ರೋಗ್ರಾಂ ಓಡುವಾಗ ನಿಜವಾಗಿ ನಡೆದ ಡಿಕ್ಕಿಯನ್ನು ಮಾತ್ರ ಅದು ಹಿಡಿಯುತ್ತದೆ.

ಈಗ ತೂಕ ಬರೆದಿಡುವ ಭಾಗ ರಸ್ಟ್‌ನಲ್ಲಿದೆ. ಚೀಟಿ, ಲೆಕ್ಕ ಎಲ್ಲ ಗೋದಲ್ಲಿ, ಯಾಕಂದ್ರೆ ದರ, ಹಮಾಲಿ ಆಗಾಗ ಬದಲಾಗುತ್ತವೆ. ನನ್ನ ಜೊತೆಗಿರುವ ಇಬ್ಬರು ಹುಡುಗರು ಗೋ ಕೋಡನ್ನು ತಾವೇ ಓದಿ ತಿದ್ದುತ್ತಾರೆ. ರಸ್ಟ್ ಭಾಗಕ್ಕೆ ಇನ್ನೂ ನನ್ನನ್ನೇ ಕರೆಯುತ್ತಾರೆ.